ಮುಲಾಮಿನಲ್ಲಿ ಉಳಿದ ಬೆರಳ ಗುರುತು

ಸ್ಪ್ಲಿಟ್, ೨೦ ಮಾರ್ಚ್ ೨೦೦೯, ಶುಕ್ರವಾರ

ಪ್ರೀತಿಯ ದೆಲ್ಫಾ ಚಿಕ್ಕಮ್ಮ,

ಸಂಜೆ ಆರು ಗಂಟೆ. ಇವತ್ತು ಹೋಟೆಲಿನ ಲಾಂಡ್ರಿಯಲ್ಲಿ ನೂರ ನಲವತ್ತು ಹಾಸಿಗೆ ಚಾದರ ಒಗೆದು ಇಸ್ತ್ರಿ ಮಾಡಿದೆವು. ಬಲಗೈಯನ್ನು ನೀರಿಗೆ ಇಳಿಸದೆ ದಿನ ಕಳೆಯುವುದೇ ದೊಡ್ಡ ಕೆಲಸವಾಯಿತು. ನಿನಗೆ ಫೋನಿನಲ್ಲಿ ಏನೂ ಕೇಳಿಸುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ. ನಿನ್ನೆ ಸಂತ ಯೋಸೇಫರ ಹಬ್ಬ ಅಲ್ಲವೆ, ಅಜ್ಜಿ ಅಮ್ಮನಿಗೂ ನಿನಗೂ ಹಚ್ಚೆ ಚುಚ್ಚಿದ ದಿನವೇ ಇರಲಿ ಎಂದು ಹೋಗಿ ಬಲಗೈ ಮೇಲೆ ಅಮ್ಮನ ಕೈಯಲ್ಲಿದ್ದ ಶಿಲುಬೆಯನ್ನು ಹಾಕಿಸಿಕೊಂಡೆ. ನಡುವೆ ಶಿಲುಬೆ, ನಾಲ್ಕು ತುದಿಗೂ ಫರ್ ಮರದ ಟೊಂಗೆ, ಸುತ್ತ ಚುಕ್ಕಿಗಳ ಬಳೆ. ಅಮ್ಮ ಹಿಟ್ಟು ನಾದುತ್ತಿರುವ ಒಂದು ಫೋಟೋ ನನ್ನ ಹತ್ತಿರ ಇತ್ತು, ಅದನ್ನು ನೋಡಿಕೊಂಡೇ ಹಚ್ಚೆಯವಳು ಚುಚ್ಚಿದಳು. ಅವಳು ತೊನ್ಕಾ ಎಂಬ ಹುಡುಗಿ, ಬಂದರಿನ ಹಿಂದಿನ ಬೀದಿಯಲ್ಲಿ ಅಂಗಡಿ. ಅಜ್ಜಿ ಬೆರೆಸುತ್ತಿದ್ದ ಮಸಿ, ಜೇನು, ಎದೆಹಾಲು ಯಾವುದೂ ಇಲ್ಲ, ಯಂತ್ರ. ನೋವಾಯಿತು. ಅಮ್ಮ ಹೋದ ಮೇಲೆ ಈ ಎಂಟು ವಾರದಲ್ಲಿ ನನಗೆ ಮೈಯಲ್ಲಿ ಏನಾದರೂ ಗೊತ್ತಾಗಿದ್ದು ಅದೇ ಮೊದಲು.

ಲಾಂಡ್ರಿಯಲ್ಲಿ ನೆವೆಂಕಾ ನೋಡಿ, "ಯಾವ ಜೈಲಲ್ಲಿದ್ದೆ ಸ್ಲಾವ್ಕಾ, ನಮಗೆ ಹೇಳ್ಲೇ ಇಲ್ವಲ್ಲ?" ಅಂದಳು. "ನಮ್ಮಮ್ಮ ಇದ್ದ ಜೈಲಲ್ಲೇ," ಅಂದೆ. ಆಮೇಲೆ ನನ್ನ ಪಾಲಿನ ಒದ್ದೆ ಬಟ್ಟೆಯನ್ನೂ ಅವಳೇ ಹಿಂಡಿದಳು.

ಈಗ ನನ್ನ ಕಷ್ಟ ಕೇಳು. ತೊನ್ಕಾ ಹೇಳಿ ಕಳಿಸಿದ್ದಾಳೆ: "ಅಕ್ಕ, ನನ್ನ ಕೆಲಸ ಅರ್ಧ, ಇನ್ನರ್ಧ ನಿಮ್ಮದು. ಎರಡು ವಾರ ಇದನ್ನ ಗಾಯ ಅಂತಲೇ ತಿಳ್ಕೊಳ್ಳಿ. ವಾಸನೆ ಇಲ್ಲದ ಸೋಪಲ್ಲಿ ತೊಳೀರಿ, ಒತ್ತಿ ಒರೆಸಿ, ಮುಲಾಮು ತೆಳ್ಳಗೆ ಹಚ್ಚಿ." ಯಾವ ಮುಲಾಮು ಎಂದು ಕೇಳಿದರೆ ನಾಲ್ಕು ಹೆಸರು ಹೇಳಿದಳು. ಔಷಧದ ಅಂಗಡಿಗೆ ಹೋದೆ. ಒಂದು ಟ್ಯೂಬು ವಿಟಮಿನ್ನಿನದು, ಒಂದು ಮಕ್ಕಳ ಅಂಡಿಗೆ ಹಚ್ಚುವ ಬಿಳೀ ಮುಲಾಮು, ಒಂದು ವ್ಯಾಸಲೀನ್, ಇನ್ನೊಂದು ಹಚ್ಚೆಗೆಂದೇ ಮಾಡಿದ್ದು, ಮುಚ್ಚಳದ ಮೇಲೆ ತಲೆಬುರುಡೆ. ಅಂಗಡಿಯಾಕೆ ನನ್ನ ಕಪ್ಪು ಬಟ್ಟೆ ನೋಡಿ, "ಮಗನಿಗಾ?" ಎಂದು ಕೇಳಿದಳು. ನನಗೇ ಅಂದೆ. ಕನ್ನಡಕ ಸರಿಮಾಡಿಕೊಂಡು ವಿಟಮಿನ್ನಿನ ಟ್ಯೂಬು ಮುಂದಿಟ್ಟಳು. ಅದನ್ನು ತಂದಿದ್ದೇನೆ, ಹಚ್ಚುತ್ತಿದ್ದೇನೆ. ಆದರೆ ಮನಸ್ಸು ಒಪ್ಪುತ್ತಿಲ್ಲ.

ಅಮ್ಮನ ಕಿಟಕಿಯ ಮೇಲೆ ಒಂದು ಗಾಜಿನ ಡಬ್ಬಿ ಇತ್ತಲ್ಲ, ಸಾಸಿವೆ ಗೊಜ್ಜಿನ ಖಾಲಿ ಡಬ್ಬಿಯಲ್ಲಿ ಅವಳೇ ಕಾಯಿಸಿ ತುಂಬಿದ ಮುಲಾಮು. ಮಣ್ಣಾದ ರಾತ್ರಿಯೇ ಅದನ್ನು ಕೈಚೀಲಕ್ಕೆ ಹಾಕಿಕೊಂಡೆ, ಮಾರನೆಯ ದಿನ ಇಲ್ಲಿಗೆ ತಂದೆ. ನಿನಗೆ ಹೇಳಲಿಲ್ಲ. ಮುಚ್ಚಳ ತೆಗೆದರೆ ಮೇಲೆ ಒಂದು ಬೆರಳು ಎಳೆದ ಗುರುತು ಹಾಗೆಯೇ ಇದೆ. ಅಮ್ಮನ ಬೆರಳು. ಅದನ್ನು ನಾನು ಇನ್ನೂ ಮುಟ್ಟಿಲ್ಲ.

ಅಜ್ಜಿ ಚುಚ್ಚಿದಾಗ ನಿಮ್ಮಿಬ್ಬರಿಗೂ ಏನು ಹಚ್ಚಿದ್ದರು? ಈ ಮುಲಾಮನ್ನೇ? ನಾನು ಇದನ್ನು ಹಚ್ಚಬಹುದೆ? ಬೇಗ ಬರೆ. ನಿನ್ನ ಉತ್ತರ ಬರುವವರೆಗೂ ಟ್ಯೂಬಿನದೇ.

ನಿನ್ನ,
ಸ್ಲಾವ್ಕಾ


ದುಬ್ರಾವೆ, ೨೫ ಮಾರ್ಚ್, ಬುಧವಾರ, ಮಂಗಳವಾರ್ತೆಯ ಹಬ್ಬ

ಮಗಳೇ ಸ್ಲಾವ್ಕಾ,

ನಿನ್ನ ಕಾಗದ ಇವತ್ತು ಪೂಜೆ ಮುಗಿಸಿ ಬರುವಾಗ ಸಿಕ್ಕಿತು. ಗೇಟಿನ ಹತ್ತಿರವೇ ನಿಂತು ಓದಿದೆ. ಪಕ್ಕದ ಮನೆಯ ಮಾರ್ಟಾ ಏನೋ ಕೇಳಿದಳು, ಕೇಳಿಸದವಳ ಹಾಗೆ ಒಳಗೆ ಬಂದೆ. ಕಿವುಡಿಗೆ ಅದೊಂದು ಅನುಕೂಲ.

ಈ ವಯಸ್ಸಿನಲ್ಲಿ ಚುಚ್ಚಿಸಿಕೊ ಎಂದು ನಿನಗೆ ಯಾರು ಹೇಳಿದರು? ಅಕ್ಕನಿಗೆ ಹನ್ನೆರಡು, ನನಗೆ ಹತ್ತು ವಯಸ್ಸು. ಆಗ ಚರ್ಮ ಬೇಗ ಕೂಡುತ್ತದೆ. ಆಗಲಿ, ಆಯಿತು.

ಕೇಳಿದ್ದಕ್ಕೆ ಹೇಳುತ್ತೇನೆ. ನಮಗೆ ಏನೂ ಹಚ್ಚಲಿಲ್ಲ. ಸಕ್ಕರೆ ಸುತ್ತಿ ಬರುತ್ತಿದ್ದ ನೀಲಿ ಕಾಗದ ಕೈಗೆ ಸುತ್ತಿದರು. ಒಂದು ಹಗಲು ಒಂದು ರಾತ್ರಿ ತೊಳೆಯಬಾರದು. ಮಾರನೆಯ ದಿನ ಉಗುರುಬೆಚ್ಚಗಿನ ನೀರು. ಅಷ್ಟೇ. ಅಕ್ಕ ಅಳಲಿಲ್ಲ, ನಾನು ಅತ್ತೆ. ಅವಳು ನನ್ನ ಕಾಗದವನ್ನು ಮತ್ತೆ ಮತ್ತೆ ಬಿಗಿ ಮಾಡಿದಳು.

ಆ ಡಬ್ಬಿಯ ಮುಲಾಮು ಇದಕ್ಕಲ್ಲ. ಅದನ್ನು ಬಿಸಾಡು. ಎತ್ತಿಡಬೇಡ, ಬಿಸಾಡು. ಹಂದಿ ಕೊಬ್ಬು ಹಾಕಿದ್ದು, ಹಳೆಯದಾಗಿದೆ, ಕೆಟ್ಟಿರುತ್ತದೆ. ಅಂಗಡಿಯಾಕೆ ಕೊಟ್ಟದ್ದನ್ನೇ ಹಚ್ಚು, ಅವಳು ಓದಿದವಳು.

ಬೆಟ್ಟದ ಮೇಲೆ ಇನ್ನೂ ಹಿಮ ಇದೆ. ಅಕ್ಕನ ಗೋರಿಯ ಮಣ್ಣು ಕುಸಿದಿತ್ತು, ಸಮ ಮಾಡಿಸಿದೆ. ಅವಳ ಬಗ್ಗೆ ಕೊರಗಬೇಡ. ಆವತ್ತೂ ಹೇಳಿದ್ದೇನೆ, ನಿದ್ದೆಯಲ್ಲೇ ಹೋದಳು. ಈಸ್ಟರಿಗೆ ಬಾ.

ಡಬ್ಬಿ ಬಿಸಾಡಿದೆ ಎಂದು ಬರೆ.

ದೆಲ್ಫಾ


ಸ್ಪ್ಲಿಟ್, ೨೭ ಮಾರ್ಚ್, ಶುಕ್ರವಾರ

ಪ್ರೀತಿಯ ಚಿಕ್ಕಮ್ಮ,

ಮಧ್ಯಾಹ್ನ ಮೂರು ಗಂಟೆ. ಇವತ್ತು ಅರ್ಧ ದಿನಕ್ಕೇ ಮನೆಗೆ ಬಂದೆ. ಬೆಳಿಗ್ಗೆ ಒದ್ದೆ ಚಾದರವೊಂದು ಕೈ ಮೇಲೆ ಜಾರಿ, ಕಟ್ಟಿದ್ದ ಹಕ್ಕಳೆಯನ್ನು ಶಿಲುಬೆಯ ನಡುವಿನಲ್ಲೇ ಕಿತ್ತುಕೊಂಡು ಹೋಯಿತು. ಸ್ವಲ್ಪ ರಕ್ತ ಬಂತು. ನೆವೆಂಕಾ, "ಹೋಗೇ ಮನೆಗೆ, ಹೋಟೆಲಿನ ಚಾದರಕ್ಕೆ ಕೆಂಪು ಬಣ್ಣ ಬೇಕು ಅಂತ ಯಾರೂ ಕೇಳಿಲ್ಲ," ಎಂದು ಕಳಿಸಿದಳು.

ನಿನ್ನ ಉತ್ತರ ಇನ್ನೂ ಬಂದಿಲ್ಲ. ಅಂಚೆಗೆ ಮೂರರಿಂದ ಐದು ದಿನ ಬೇಕು, ಗೊತ್ತು. ಆದರೆ ಒಂದು ವಾರದಿಂದ ಆ ಟ್ಯೂಬಿನದನ್ನು ಹಚ್ಚಿ ಹಚ್ಚಿ ಸಾಕಾಗಿದೆ. ಅದಕ್ಕೆ ವಾಸನೆಯೇ ಇಲ್ಲ. ಕೈ ಒಣಗುತ್ತದೆ, ಉರಿಯುತ್ತದೆ, ಕೆರೆತ ತಡೆಯಲಾಗುವುದಿಲ್ಲ. ತೊನ್ಕಾ ಅಂಗಡಿಗೆ ಹೋಗಿ ಅಮ್ಮನ ಡಬ್ಬಿ ತೋರಿಸಿದೆ. ಅವಳು ಮೂಸಿ ನೋಡಿ, "ಇದರಲ್ಲಿ ಏನೇನಿದೆ ಅಕ್ಕ?" ಅಂದಳು. ಪೈನ್ ಮರದ ಅಂಟು, ಜೇನುಮೇಣ, ಹಂದಿ ಕೊಬ್ಬು ಅಂದೆ. "ಮನೇಲಿ ಮಾಡಿದ್ದು ಹಚ್ಚಿ ಅಂತ ನಾನು ಹೇಳಲ್ಲ. ನಿಮ್ಮ ಅಮ್ಮಂದು ಅಂತೀರಿ, ಬೇಡ ಅನ್ನೋಕೂ ಬಾಯಿ ಬರಲ್ಲ," ಅಂದಳು. ಬೇಡ ಎನ್ನಲಿಲ್ಲ, ಅದು ನನಗೆ ಸಾಕಾಯಿತು.

ಈಗ ಹಚ್ಚಿಕೊಂಡು ಕೂತಿದ್ದೇನೆ. ಬೆರಳ ಗುರುತು ಕೆಡದ ಹಾಗೆ ಡಬ್ಬಿಯ ಅಂಚಿನಿಂದ ಚಾಕುವಿನ ತುದಿಯಲ್ಲಿ ತೆಗೆದೆ. ಕೈ ಬಿಸಿಗೆ ಕರಗಿದ ಕೂಡಲೇ ಅಮ್ಮನ ಅಡುಗೆಮನೆಯ ವಾಸನೆ ಬಂತು, ಒಲೆಯ ಪಕ್ಕ ಸೌದೆ ಒಣಗಿಸುತ್ತಿದ್ದಳಲ್ಲ, ಅದು. ಉರಿ ಕಡಿಮೆಯಾಯಿತು. ಕಿತ್ತುಹೋದ ಜಾಗಕ್ಕೆ ಸ್ವಲ್ಪ ಹೆಚ್ಚೇ ಹಚ್ಚಿದೆ.

ನನ್ನ ಮೊಣಕಾಲಿಗೆ, ಮುರಿದ ಉಗುರಿಗೆ, ಹಸುವಿನ ಕೆಚ್ಚಲಿಗೆ, ಎಲ್ಲಕ್ಕೂ ಇದೇ ತಾನೆ ಅವಳು ಹಚ್ಚುತ್ತಿದ್ದದ್ದು? ನೀನೂ ಬೇಡ ಎನ್ನಲಾರೆ ಎಂದುಕೊಂಡಿದ್ದೇನೆ. ಅಮ್ಮ ಹೋದ ಮೇಲೆ ಇವತ್ತು ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದೆ. ನಾಳೆ ಶನಿವಾರ, ಕೆಲಸ ಇದೆ.

ಸ್ಲಾವ್ಕಾ


ಸ್ಪ್ಲಿಟ್, ೩೦ ಮಾರ್ಚ್, ಸೋಮವಾರ

ಚಿಕ್ಕಮ್ಮ,

ಸಂಜೆ ಐದು. ಕೆಲಸದಿಂದ ಬಂದಾಗ ನಿನ್ನ ಕಾಗದ ಬಾಗಿಲ ಕೆಳಗೆ ಇತ್ತು. ಮೂರು ಸಲ ಓದಿದೆ.

ಬಿಸಾಡು, ಬಿಸಾಡು ಎಂದು ಮೂರು ಕಡೆ ಬರೆದಿದ್ದೀಯ. ಅಂಟು ಹಾಕಿದ ಮುಲಾಮು ಕೆಡುವುದಿಲ್ಲ, ಅಮ್ಮ ಮೂರು ವರ್ಷ ಇಡುತ್ತಿದ್ದಳು, ಅದು ನಿನಗೂ ಗೊತ್ತು. ನಿನಗೆ ಬೇಕಾಗಿರುವುದು ಬೇರೆ. ಅವಳದು ಅಂತ ಏನೂ ಉಳಿಯಬಾರದು, ಅಷ್ಟೇ. ಮಣ್ಣಾದ ಮಾರನೆಯ ಬೆಳಿಗ್ಗೆ ನಾನು ಎದ್ದಿಲ್ಲ ಅಂದುಕೊಂಡು ನೀನು ಅವಳ ಹಾಸಿಗೆಯನ್ನು ಅಂಗಳದಲ್ಲಿ ಸುಟ್ಟೆ. ನಾನು ಕಿಟಕಿಯಿಂದ ನೋಡುತ್ತಿದ್ದೆ. ದಿಂಬು, ಹೊದಿಕೆ, ಅವಳ ಎರಡು ರಾತ್ರಿ ಅಂಗಿ. ನಾನು ಒಂದು ಅಂಗಿಯನ್ನಾದರೂ ಕೊಡು ಎಂದು ಕೇಳಬೇಕು ಅಂತ ಇದ್ದೆ. ನೀನು ಕೋಲಿನಿಂದ ಅದನ್ನು ಬೆಂಕಿಯೊಳಗೆ ಒತ್ತಿದೆ. ಆವತ್ತು ಏನೂ ಅನ್ನಲಿಲ್ಲ. ಕಡೆಯ ಎರಡು ತಿಂಗಳು ಅವಳನ್ನು ನೋಡಿಕೊಂಡವಳು ನೀನು, ನಾನಲ್ಲ. ನಾನು ಏನು ಅನ್ನಲಿ?

ಆದರೆ ಈ ಡಬ್ಬಿ ನನ್ನದು. ಬಿಸಾಡುವುದಿಲ್ಲ. ಈಗ ದಿನಕ್ಕೆ ಎರಡು ಸಲ ಹಚ್ಚುತ್ತಿದ್ದೇನೆ.

ಕೈ ಚೆನ್ನಾಗಿದೆ. ನಡುವೆ ಸ್ವಲ್ಪ ಕೆಂಪಾಗಿದೆ, ಅಷ್ಟೇ. ಲಾಂಡ್ರಿಯ ಹಬೆಗೆ ಎಲ್ಲರ ಕೈಯೂ ಕೆಂಪಾಗಿರುತ್ತದೆ.

ಈಸ್ಟರಿಗೆ ಬರುತ್ತೇನೋ ಇಲ್ಲವೋ ಗೊತ್ತಿಲ್ಲ.

ಸ್ಲಾವ್ಕಾ


ದುಬ್ರಾವೆ, ೧ ಏಪ್ರಿಲ್, ಬುಧವಾರ

ಸ್ಲಾವ್ಕಾ, ಮಗಳೇ,

ಹಚ್ಚಿದೆ ಅಂತ ನೀನು ಬರೆದದ್ದು ಈಗ ಓದಿದೆ. ಇನ್ನು ಹಚ್ಚಬೇಡ. ಸೋಪು ಹಾಕಿ ತೊಳೆ, ಬಿಸಿನೀರಲ್ಲಿ ತೊಳೆ. ಡಾಕ್ಟರ ಹತ್ತಿರ ಹೋಗಿ ಕೈ ತೋರಿಸು. ನೋವಿಲ್ಲದಿದ್ದರೂ ತೋರಿಸು.

ಮಾರ್ಟಾ ಮನೆಯಿಂದ ನಿನಗೆ ಫೋನ್ ಮಾಡಿಸಿದೆ. ನೀನು ಎತ್ತಲಿಲ್ಲ. "ಎತ್ತಿದ್ರೆ ಏನು ಹೇಳ್ಲಿ, ಹೇಳು," ಅಂತ ಅವಳು ಕಾಗದದ ಮೇಲೆ ಬರೆದು ತೋರಿಸಿದಳು. ಡಬ್ಬಿ ಬಿಸಾಡು ಅಂತ ಹೇಳು ಅಂದೆ. ಅವಳು ನಕ್ಕಳು. ಒಂದು ಡಬ್ಬಿಗೆ ಇಷ್ಟು ನಡುಗ್ತೀಯಲ್ಲೇ ದೆಲ್ಫಾ ಅಂದಿರಬೇಕು, ತುಟಿ ಹಾಗೆ ಆಡಿತು.

ಯಾಕೆ ಅಂತ ಈಸ್ಟರಿಗೆ ಬಂದಾಗ ಹೇಳುತ್ತೇನೆ. ಅದು ಬೇರೆಯವರ ಬಾಯಿಂದ ಹೇಳಿಸುವುದಲ್ಲ, ಕಾಗದದಲ್ಲಿ ಬರೆಯುವುದೂ ಅಲ್ಲ. ಒಬ್ಬರಿಗೆ ಮಾತು ಕೊಟ್ಟಿದ್ದೇನೆ. ನೀನು ನನ್ನ ಮೇಲೆ ನಂಬಿಕೆ ಇಟ್ಟು ಇಷ್ಟು ಮಾಡು.

ಕೈ ಊದಿದೆಯೆ? ಬೆರಳು ಮಡಚಲು ಬರುತ್ತದೆಯೆ? ಅದನ್ನು ಮೊದಲು ಬರೆ.

ದೆಲ್ಫಾ


ಸ್ಪ್ಲಿಟ್, ಆಸ್ಪತ್ರೆ, ೩ ಏಪ್ರಿಲ್, ಶುಕ್ರವಾರ

ಚಿಕ್ಕಮ್ಮ,

ಬೆಳಿಗ್ಗೆ ಹತ್ತು ಗಂಟೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ಹೆದರಬೇಡ. ನಾನೇ ಸಾಕಷ್ಟು ಹೆದರಿದ್ದೇನೆ.

ಚೆನ್ನಾಗಿದೆ ಅಂತ ಸೋಮವಾರ ಬರೆದದ್ದು ಸುಳ್ಳು. ಆಗಲೇ ಕೈ ಬಿಸಿಯಾಗಿತ್ತು. ನಿನ್ನ ಮೇಲಿನ ಸಿಟ್ಟಿಗೆ ಬರೆಯಲಿಲ್ಲ. ಮಂಗಳವಾರ ಕೀವು ಕಂಡಿತು. ಗುಣವಾಗಲಿ ಎಂದು ಇನ್ನೂ ದಪ್ಪಗೆ ಹಚ್ಚಿದೆ. ಅಂಚಿನದೆಲ್ಲ ಮುಗಿದಿತ್ತು, ಬೆರಳ ಗುರುತಿನಿಂದಲೇ ತೆಗೆದೆ. ಬುಧವಾರ ಚಳಿಜ್ವರ. ನಿನ್ನೆ ಬೆಳಿಗ್ಗೆ ನೋಡಿದರೆ ಮಣಿಕಟ್ಟಿನಿಂದ ಒಂದು ಕೆಂಪು ಗೆರೆ ಮೇಲಕ್ಕೆ ಹೊರಟಿತ್ತು, ದಾರ ಎಳೆದ ಹಾಗೆ. ಔಷಧದ ಅಂಗಡಿಗೆ ಹೋದೆ. ಅಂಗಡಿಯಾಕೆ ನನ್ನ ಕೈ ನೋಡಿ ಏನನ್ನೂ ಮಾರಲಿಲ್ಲ. ಕೋಟು ಹಾಕಿಕೊಂಡು ತಾನೇ ನನ್ನನ್ನು ಇಲ್ಲಿಗೆ ಕರೆತಂದಳು.

ನಿನ್ನೆಯಿಂದ ಡ್ರಿಪ್ಪಿನಲ್ಲಿ ಔಷಧ ಹೋಗುತ್ತಿದೆ. ಅದು ಹಿಡಿಯುತ್ತಿಲ್ಲ. ಡಾಕ್ಟರಮ್ಮ ಕೆಂಪು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯುತ್ತಾರೆ. ನನ್ನ ತೋಳಿನ ಮೇಲೆ ಈಗ ಮೂರು ಗೆರೆ ಇವೆ. ಮೂರನೆಯದು ಮೊಣಕೈ ಹತ್ತಿರ.

"ಏನು ಹಚ್ಚಿದ್ರಿ, ನಿಜ ಹೇಳಿ," ಅಂದರು. ಡಬ್ಬಿ ಕೊಟ್ಟೆ. "ಇದನ್ನ ಪರೀಕ್ಷೆಗೆ ಕಳಿಸಿದ್ರೆ ಉತ್ತರ ಬರೋಕೆ ಮೂರು ದಿನ. ನಿಮ್ಮ ಕೈಗೆ ಅಷ್ಟು ಹೊತ್ತಿಲ್ಲ. ಇದು ನಿಮಗಿಂತ ಮೊದಲು ಯಾರಿಗೆ, ಯಾವುದಕ್ಕೆ ಹಚ್ಚಿದ್ದು? ಅದು ಗೊತ್ತಾದ್ರೆ ಯಾವ ಮದ್ದು ಅಂತ ಗೊತ್ತಾಗುತ್ತೆ," ಅಂದರು. ನನಗೆ ಗೊತ್ತಿಲ್ಲ ಅಂದೆ. ಮೊಣಕಾಲಿಗೆ, ಕೆಚ್ಚಲಿಗೆ ಅಂದೆ. ತಲೆ ಅಲ್ಲಾಡಿಸಿದರು. ಸಂಜೆ ಶಿಲುಬೆಯ ನಡುವೆ ಕುಯ್ದು ಕೀವು ತೆಗೆಯುತ್ತಾರಂತೆ. ಗೆರೆ ಮೊಣಕೈ ದಾಟಿದರೆ ಆಮೇಲೆ ಏನು ಎಂದು ಕೇಳಿದೆ. "ಅದನ್ನ ಈಗ ಮಾತಾಡೋದು ಬೇಡ," ಅಂದರು.

ಮಾರ್ಟಾಗೆ ಫೋನ್ ಮಾಡಿದೆ, ಎತ್ತುತ್ತಿಲ್ಲ. ಶುಕ್ರವಾರ ಅಲ್ಲವೆ, ಎಲ್ಲರೂ ಶಿಲುಬೆಯ ಹಾದಿಯ ಪ್ರಾರ್ಥನೆಗೆ ಹೋಗಿರಬೇಕು. ಇದನ್ನು ಅಂಚೆಗೆ ಹಾಕುವುದಿಲ್ಲ. ನೆವೆಂಕಾ ಬಸ್ ನಿಲ್ದಾಣಕ್ಕೆ ಒಯ್ದು ಡ್ರೈವರ್ ಸ್ತಿಪೆ ಕೈಗೆ ಕೊಡುತ್ತಾಳೆ. ಅವನು ಹೊಗೆಯಾಡಿಸಿದ ಮಾಂಸ, ಪಿಂಚಣಿ, ಮದುವೆ ಉಡುಪು ಎಲ್ಲವನ್ನೂ ಸಾಗಿಸಿದವನು, ಒಂದು ಕಾಗದವನ್ನು ಸಂಜೆಯೊಳಗೆ ನಿನ್ನ ಗೇಟಿಗೆ ಮುಟ್ಟಿಸುತ್ತಾನೆ.

ಆ ಡಬ್ಬಿಯಲ್ಲಿ ಏನಿತ್ತು ಚಿಕ್ಕಮ್ಮ? ಯಾಕೆ ಬಿಸಾಡು ಅಂದೆ? ಬರೆ. ಏನಾದರೂ ಸರಿ, ಬರೆ.

ಸ್ಲಾವ್ಕಾ


ದುಬ್ರಾವೆ, ೩ ಏಪ್ರಿಲ್, ಶುಕ್ರವಾರ ಸಂಜೆ

ಸ್ಲಾವ್ಕಾ,

ಕಾಗದದ ಜೊತೆ ಇರುವ ಹಳದಿ ಲಕೋಟೆಯನ್ನು ಮೊದಲು ಡಾಕ್ಟರಿಗೆ ಕೊಡು. ಕೊಟ್ಟ ಮೇಲೆ ಇದನ್ನು ಓದು.

ಕೊಟ್ಟೆಯಾ?

ಸ್ತಿಪೆ ಆರು ಗಂಟೆಗೆ ಗೇಟಿನಲ್ಲಿ ಹಾರ್ನ್ ಹೊಡೆದನಂತೆ. ನನಗೆ ಕೇಳಿಸಲಿಲ್ಲ. ಬಸ್ಸು ತುಂಬ ಜನರನ್ನು ಹಾಗೇ ನಿಲ್ಲಿಸಿ ಕೆಳಗಿಳಿದು ಬಂದು ಕಿಟಕಿ ಬಡಿದ. ಡಾಕ್ಟರಿಗೆ ಫೋನ್ ಮಾಡಿಸೋಣ ಎಂದು ಹೋದರೆ ಮಾರ್ಟಾ ಮನೆಗೆ ಬೀಗ. ನಾಳೆ ಬೆಳಿಗ್ಗೆ ಐದೂವರೆಗೆ ವಾಪಸ್ಸು ಹೋಗುವಾಗ ಸ್ತಿಪೆ ಇದನ್ನು ಒಯ್ಯುತ್ತಾನೆ. ಗಾಜಿನ ಮುಂದೆ ಇಡಬೇಡ, ಅಂಗಿಯೊಳಗೆ ಇಟ್ಟುಕೊ ಎಂದು ಹೇಳುತ್ತೇನೆ. ನಾನು ಹಾಸಿಗೆ ಸುಟ್ಟದ್ದರ ಬಗ್ಗೆ ನೀನು ಬರೆದ ಕಾಗದವೂ ಇವತ್ತೇ ಮಧ್ಯಾಹ್ನ ಬಂತು. ಎರಡನ್ನೂ ಪಕ್ಕದಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಅಕ್ಕ ನಿದ್ದೆಯಲ್ಲಿ ಹೋಗಲಿಲ್ಲ.

ನವೆಂಬರಿನಲ್ಲಿ ಬಿದ್ದವಳು ಮತ್ತೆ ಏಳಲಿಲ್ಲ. ನಿನಗೆ ಸೊಂಟ ನೋವು ಎಂದು ಬರೆಸಿದಳು. ಮಲಗಿ ಮಲಗಿ ಬೆನ್ನ ಕೆಳಗೆ ಹುಣ್ಣಾಯಿತು, ಮೊದಲು ನಾಣ್ಯದಷ್ಟು, ಕ್ರಿಸ್ಮಸ್ಸಿಗೆ ನನ್ನ ಅಂಗೈಯಷ್ಟು. ನಾನು ಒಬ್ಬಳೇ ಅವಳನ್ನು ಹೊರಳಿಸಬೇಕಿತ್ತು. ಅವಳು ನನಗಿಂತ ಭಾರ. ದಿನಕ್ಕೆ ನಾಲ್ಕು ಸಲ ಹೊರಳಿಸಬೇಕು ಎಂದು ಆರೋಗ್ಯ ಕೇಂದ್ರದ ನರ್ಸು ಹೇಳಿದ್ದಳು. ನನಗೆ ಎರಡು ಸಲವೇ ಆಗುತ್ತಿತ್ತು.

"ಸ್ಲಾವ್ಕಾಗೆ ಹೇಳ್ಬೇಡ," ಅಂದಳು. ತುಟಿ ನೋಡಿ ನನಗೆ ಅರ್ಥವಾಗಲಿ ಎಂದು ನಿಧಾನವಾಗಿ ಅಂದಳು. "ಹೇಳಿದ್ರೆ ಕೆಲಸ ಬಿಟ್ಟು ಬರ್ತಾಳೆ. ಬಂದು ನನ್ನ ಹಿಂದುಗಡೆ ನೋಡ್ತಾಳೆ. ಹೆತ್ತ ಮಗಳು ಅದನ್ನ ನೋಡೋದು ಬೇಡ. ಆಣೆ ಮಾಡು." ಆಮೇಲೆ ಅವಳ ಹಾಗೇ ನಕ್ಕು, "ನೀನು ನೋಡಿದ್ರೆ ಪರವಾಗಿಲ್ಲ. ಚಿಕ್ಕಂದಿನಲ್ಲಿ ನಿಂದು ನಾನು ಎಷ್ಟು ಸಲ ತೊಳ್ದಿಲ್ಲ," ಅಂದಳು. ನಾನು ಅವಳ ಕೈ ಮೇಲಿನ ಶಿಲುಬೆ ಮುಟ್ಟಿ ಆಣೆ ಮಾಡಿದೆ.

ಆ ಹುಣ್ಣಿಗೆ ಹಚ್ಚಿದ್ದು ಆ ಡಬ್ಬಿಯ ಮುಲಾಮು. ಅವಳೇ ಹಚ್ಚು ಅಂದಳು, ಅಂಗಡಿಯದು ಬೇಡ ಅಂದಳು. ಹುಣ್ಣು ಮುಟ್ಟಿದ ಬೆರಳನ್ನೇ ಮತ್ತೆ ಡಬ್ಬಿಗೆ ಹಾಕುತ್ತಿದ್ದೆ. ಅವಳು ನೋವಿಗೆ ನನ್ನ ಇನ್ನೊಂದು ಕೈ ಹಿಡಿದಿರುತ್ತಿದ್ದಳು, ಬಿಡಿಸಿಕೊಂಡು ತೊಳೆಯಲು ಹೋಗುವ ಹಾಗಿರಲಿಲ್ಲ. ಆ ಗುರುತು ಅವಳ ಬೆರಳಲ್ಲ ಸ್ಲಾವ್ಕಾ. ನನ್ನದು.

ಜನವರಿಯಲ್ಲಿ ನರ್ಸು ಹತ್ತಿ ಕಡ್ಡಿಯಲ್ಲಿ ಕೀವು ಒತ್ತಿ ತೆಗೆದು ಪರೀಕ್ಷೆಗೆ ಕಳಿಸಿದಳು. ಆ ನಂಜೇ ಅವಳನ್ನು ಒಯ್ದಿತು, ಪರೀಕ್ಷೆಯ ಉತ್ತರ ಮಣ್ಣು ಮಾಡಿದ ಎರಡು ದಿನದ ಮೇಲೆ ಬಂತು. ಲ್ಯಾಟಿನ್ ಹೆಸರು, ಕೆಳಗೆ ಮದ್ದುಗಳ ಪಟ್ಟಿ, ಎದುರಿಗೆ ಗುರುತುಗಳು. ಮದ್ದು ಯಾರಿಗೆ ಎಂದು ಪ್ರಾರ್ಥನೆ ಪುಸ್ತಕದಲ್ಲಿ ಇಟ್ಟುಬಿಟ್ಟೆ. ಹಳದಿ ಲಕೋಟೆಯಲ್ಲಿ ಇರುವುದು ಅದೇ.

ಹಾಸಿಗೆಯನ್ನು ಯಾಕೆ ಸುಟ್ಟೆ ಎಂದು ಈಗ ಗೊತ್ತಾಯಿತಲ್ಲ. ಡಬ್ಬಿಯನ್ನೂ ಅದರ ಜೊತೆ ಹಾಕಬೇಕು ಎಂದು ಹುಡುಕಿದೆ. ಕಿಟಕಿಯ ಮೇಲೆ ಇರಲಿಲ್ಲ. ನಾನೇ ಎಲ್ಲೋ ಇಟ್ಟೆ ಅಂದುಕೊಂಡೆ.

ನಿನ್ನ ಮೊದಲ ಕಾಗದ ಬಂದ ದಿನವೇ ಇದನ್ನು ಬರೆಯಬೇಕಿತ್ತು. ಎರಡು ಸಲವೇ ಹೊರಳಿಸಿದೆ ಎಂದು ನಿನಗೆ ಗೊತ್ತಾಗುತ್ತದಲ್ಲ, ಆ ಹೆದರಿಕೆ. ಆಣೆ ಒಂದೇ ಕಾರಣ ಅಲ್ಲ.

ಕೈ ಉಳಿಯಿತೋ ಇಲ್ಲವೋ ಎಂದು ಸ್ತಿಪೆಗೆ ಹೇಳಿ ಕಳಿಸು. ಹೌದಾದರೆ ಹೆಬ್ಬೆರಳು ತೋರಿಸಲಿ, ಬರೆಯುವುದು ಬೇಡ.

ದೆಲ್ಫಾ


ಸ್ಪ್ಲಿಟ್, ಆಸ್ಪತ್ರೆ, ೫ ಏಪ್ರಿಲ್, ಗರಿಗಳ ಭಾನುವಾರ

ಚಿಕ್ಕಮ್ಮ,

ಬೆಳಿಗ್ಗೆ ಒಂಬತ್ತು ಗಂಟೆ. ನರ್ಸು ಎಲ್ಲರ ದಿಂಬಿನ ಪಕ್ಕ ಆಲಿವ್ ಟೊಂಗೆ ಇಟ್ಟು ಹೋದಳು. ನಾನು ಅರ್ಧ ಬಟ್ಟಲು ಸೂಪು ಕುಡಿದೆ, ಅದು ಹೊಟ್ಟೆಯಲ್ಲೇ ನಿಂತಿತು. ಇನ್ನೂ ಎಡಗೈಯಲ್ಲೇ ಬರೆಯುತ್ತಿದ್ದೇನೆ.

ನಿನ್ನೆ ಹನ್ನೊಂದು ಗಂಟೆಗೆ ಸ್ತಿಪೆ ತಾನೇ ವಾರ್ಡಿಗೆ ಬಂದ. ಬಸ್ಸನ್ನು ಆಸ್ಪತ್ರೆಯ ಗೇಟಿಗೆ ಅಡ್ಡ ನಿಲ್ಲಿಸಿ, ಯಾರ ಮಾತೂ ಕೇಳದೆ ಮೆಟ್ಟಿಲು ಹತ್ತಿ ಬಂದು ಅಂಗಿಯ ಗುಂಡಿ ಬಿಚ್ಚಿದ. ಕಾವಲಿನವನು ಹಿಂದೆಯೇ ಓಡಿ ಬಂದ. ಸ್ತಿಪೆ ಅವನಿಗೆ, "ಬೈಯೋದನ್ನ ಆಮೇಲೆ ಬೈ, ಮೊದಲು ಡಾಕ್ಟರ್ ಎಲ್ಲಿ ಹೇಳು," ಅಂದ.

ಡಾಕ್ಟರಮ್ಮ ಹಳದಿ ಲಕೋಟೆಯ ಕಾಗದವನ್ನು ನಿಂತಲ್ಲೇ ಓದಿದರು. "ಯಾರದು ಇದು?" ಅಂದರು. ನಮ್ಮಮ್ಮಂದು ಅಂದೆ. ಹತ್ತು ನಿಮಿಷದಲ್ಲಿ ಡ್ರಿಪ್ಪಿನ ಬಾಟಲಿ ಬದಲಾಯಿತು. ನಾನು ಅಲ್ಲಿಯವರೆಗೆ ತೆಗೆದುಕೊಳ್ಳುತ್ತಿದ್ದ ಮದ್ದು ಆ ಪಟ್ಟಿಯಲ್ಲಿ ಕೆಲಸ ಮಾಡುವುದಿಲ್ಲ ಎಂದು ಗುರುತು ಹಾಕಿದ್ದ ಮದ್ದಂತೆ. ಬದಲಾಯಿಸುವಾಗ ಗೆರೆ ಮೊಣಕೈಗೆ ಒಂದು ಬೆರಳು ಕೆಳಗೆ ಇತ್ತು. ಸಂಜೆಗೆ ಅಲ್ಲೇ ನಿಂತಿತ್ತು. ಇವತ್ತು ಬೆಳಿಗ್ಗೆ ಎರಡು ಬೆರಳು ಕೆಳಗೆ ಇಳಿದಿದೆ. ಪೆನ್ನಿನ ಗೆರೆಯ ಈಚೆಗೆ ಬರೀ ಚರ್ಮ ಕಾಣುತ್ತಿದೆ. ನಾನು ಅದನ್ನೇ ನೋಡುತ್ತ ಮಲಗಿದ್ದೇನೆ. ಕಣ್ಣು ಮುಚ್ಚಿದರೆ ಮತ್ತೆ ಹತ್ತಿಬಿಡುತ್ತದೋ ಎಂದು ಹೆದರಿಕೆ. ಕೈ ತೆಗೆಯುವ ಮಾತು ಇನ್ನಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಸ್ತಿಪೆ ಹೆಬ್ಬೆರಳು ತೋರಿಸುತ್ತಾನೆ, ನಂಬು.

ಕಾಗದ ಓದಿದ ಮೇಲೆ ನನಗೆ ನಿನ್ನ ಮೇಲೆ ಸಿಟ್ಟು ಬಂತು. ಅಮ್ಮನ ಮೇಲೆ ಅದಕ್ಕಿಂತ ಹೆಚ್ಚು ಬಂತು. ನೀವಿಬ್ಬರೂ ಸೇರಿ ನನ್ನನ್ನು ಬಾಗಿಲ ಹೊರಗೆ ಇಟ್ಟಿರಿ. ಈ ಸಿಟ್ಟು ಬೇಗ ಹೋಗುವುದಿಲ್ಲ, ಹೋಯಿತು ಎಂದು ಸುಳ್ಳು ಬರೆಯುವುದಿಲ್ಲ. ಸೋಮವಾರ ಬರೆದ ಒಂದು ಸುಳ್ಳು ಸಾಕು. ಎರಡು ಸಲವೇ ಹೊರಳಿಸಿದೆ ಎಂದೆಯಲ್ಲ, ಅದನ್ನು ಬಹಳ ಹೊತ್ತು ಯೋಚಿಸಿದೆ. ಇಲ್ಲಿ ಪಕ್ಕದ ಹಾಸಿಗೆಯ ಮುದುಕಿಯನ್ನು ಹೊರಳಿಸಲು ಇಬ್ಬರು ನರ್ಸುಗಳು ಬರುತ್ತಾರೆ. ಇಬ್ಬರೂ ಗಟ್ಟಿ ಹುಡುಗಿಯರು, ಆದರೂ ಉಸಿರು ಬಿಡುತ್ತಾರೆ. ನಿನಗೆ ಎಪ್ಪತ್ತಾರು.

ಐದು ದಿನ ನಾನು ಆ ಗುರುತನ್ನು ಚಾಕುವಿನ ತುದಿಯಿಂದ ತಪ್ಪಿಸಿ ತಪ್ಪಿಸಿ ಕಾಪಾಡಿದೆ. ಅದು ನಿನ್ನ ಬೆರಳು. ಅವಳ ನೋವಿನ ಹತ್ತಿರ ಇದ್ದದ್ದು ಆ ಬೆರಳು ಒಂದೇ. ಹಾಗೆ ನೋಡಿದರೆ ನಾನು ಕಾಪಾಡಿದ್ದು ತಪ್ಪಲ್ಲ ಅನ್ನಿಸಿತು. ಡಬ್ಬಿಯನ್ನು ಅವರು ಚೀಲದಲ್ಲಿ ಕಟ್ಟಿ ಒಯ್ದರು, ಸುಡುತ್ತಾರಂತೆ. ನಾನೇ ಸಹಿ ಹಾಕಿದೆ.

ನೀನು ಒಂದನೇ ತಾರೀಖು ಬರೆದದ್ದನ್ನು ನೆವೆಂಕಾ ನಿನ್ನೆ ತಂದುಕೊಟ್ಟಳು. ಕೈ ಊದಿದೆಯೆ, ಬೆರಳು ಮಡಚಲು ಬರುತ್ತದೆಯೆ ಎಂದು ಕೇಳಿದ್ದೀಯ. ಊದಿದೆ. ಕಿರುಬೆರಳು, ಉಂಗುರದ ಬೆರಳು ಮಡಚುತ್ತವೆ. ಉಳಿದವು ಇನ್ನೂ ಇಲ್ಲ.

ಶಿಲುಬೆ ಏನಾಯಿತೋ ಗೊತ್ತಿಲ್ಲ. ಶುಕ್ರವಾರ ಸಂಜೆ ನಡುವಿನಲ್ಲೇ ಕುಯ್ದರು, ಆಮೇಲೆ ಪಟ್ಟಿ ಕಟ್ಟಿದ್ದಾರೆ. ತೊನ್ಕಾ ಬಂದಿದ್ದಳು, ಬಾಗಿಲಲ್ಲೇ ನಿಂತು ಅತ್ತಳು. "ಬೇಡ ಅಂತ ನಾನು ಗಟ್ಟಿಯಾಗಿ ಹೇಳ್ಬೇಕಿತ್ತು ಅಕ್ಕ. ವಾಸಿ ಆದ್ಮೇಲೆ ಸರಿ ಮಾಡ್ಕೊಡ್ತೀನಿ," ಅಂದಳು. ಟೊಂಗೆಗಳು ಉಳಿದಿದ್ದರೆ ಸಾಕು, ನಡುವೆ ಏನಿದೆಯೋ ಹಾಗೇ ಇರಲಿ ಅಂದೆ. ಇನ್ನು ಮುಂದೆ ಏನು ಹಚ್ಚಲಿ ಎಂದು ಡಾಕ್ಟರಮ್ಮನನ್ನು ಕೇಳಿದೆ. "ನಾನು ಕೊಟ್ಟದ್ದು. ಅದರ ಮೇಲೆ ಇನ್ನೇನೂ ಇಲ್ಲ," ಅಂದರು.

ಸ್ತಿಪೆ ಮತ್ತೊಂದು ವಿಷಯ ಹೇಳಿದ. ನೀನು ಅವನ ಬಸ್ಸಿನಲ್ಲಿ ಸೋಮವಾರಕ್ಕೆ ಸೀಟು ಹೇಳಿದ್ದೀಯಂತೆ, ಡ್ರೈವರಿನ ಹಿಂದಿನದೇ ಬೇಕು ಅಂದೆಯಂತೆ. ಯುದ್ಧ ಮುಗಿದ ಮೇಲೆ ನೀನು ಯಾಯ್ತ್ಸೆ ಸಂತೆಗಿಂತ ದೂರ ಹೋದವಳಲ್ಲ. ಬರುವಾಗ ಯಾವ ಮುಲಾಮೂ ತರಬೇಡ. ಆಲೂಗಡ್ಡೆ ತುಂಬಿ ಬೇಯಿಸಿದ ಪೀತಾ ತಾ, ಇಲ್ಲಿಯ ಊಟಕ್ಕೆ ಉಪ್ಪಿಲ್ಲ. ಅದೇ ಶಿಲುಬೆ ಇರುವ ನಿನ್ನ ಬಲಗೈಯನ್ನು ನಾನು ಸರಿಯಾಗಿ ನೋಡಬೇಕು. ಫೋಟೋ ನೋಡಿ ಮಾಡಿಸುವ ಅಗತ್ಯವೇ ಇರಲಿಲ್ಲ.

ಇದನ್ನು ನೆವೆಂಕಾ ಮಧ್ಯಾಹ್ನದ ಬಸ್ಸಿಗೆ ಒಯ್ಯುತ್ತಾಳೆ, ಸಂಜೆ ನಿನಗೆ ಸಿಗುತ್ತದೆ. ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಪಟ್ಟಿ ಬಿಚ್ಚುತ್ತಾರೆ. ನಿನ್ನ ಬಸ್ಸು ಹನ್ನೊಂದಕ್ಕೆ ಬರುತ್ತದೆ.

ಸ್ಲಾವ್ಕಾ